ಉಪ್ಪಿಳಿಕೆ, ಸಾರರಿಕ್ತ, ಚಪ್ಪೆ: ಮೀನಿನ ಚಿಕಿತ್ಸೆಯೊಂದಕ್ಕೆ ಹೆಸರು ಬೇಕಾಗಿದೆ

ಮಾನ್ಯರೆ,

ಕಡಲ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಕಾರವಾರದ ನಾವು ಕೆಲವರು, ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ಬರುವ ಹೈಪೋಸಲಿನಿಟಿ, ಎಂದರೆ ನೀರಿನ ಉಪ್ಪನ್ನು ತಗ್ಗಿಸಿ ಮೀನಿನ ರೋಗ ಕಳೆಯುವ ಚಿಕಿತ್ಸೆಗೆ ತಕ್ಕ ಪದ ತೋಚದೆ ಬರೆಯುತ್ತಿದ್ದೇನೆ.

ಕ್ರಿಪ್ಟೊಕಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರೋಪಜೀವಿಯು ಮೀನಿನ ಮೈಮೇಲೆ ಬಿಳಿಯ ಚುಕ್ಕೆಗಳಾಗಿ ಕಾಣಿಸಿಕೊಂಡು, ಕೆಲವು ದಿನಗಳಲ್ಲಿ ಕಳಚಿಬಿದ್ದು, ತೊಟ್ಟಿಯ ತಳದಲ್ಲಿ ಪೊರೆ ಕಟ್ಟಿಕೊಂಡು ಒಳಗೇ ಒಡೆದು ಹಲವಾಗಿ ಮತ್ತೆ ಮೀನನ್ನು ಹುಡುಕಿ ಹೊರಡುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ರೋಗದ ಮೀನನ್ನು ಬೇರೆ ತೊಟ್ಟಿಗೆ ಹಾಕಿ, ಒಂದೆರಡು ದಿನಗಳಲ್ಲಿ ಆ ಉಪ್ಪನ್ನು 12ರಿಂದ 14 ಗ್ರಾಮಿಗೆ, ಎಂದರೆ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.009ರ ಆಸುಪಾಸಿಗೆ ತಂದು, ವಾರಗಟ್ಟಲೆ ಅಲ್ಲಿಯೇ ನಿಲ್ಲಿಸುತ್ತಾರೆ. ಮೀನಿನ ರಕ್ತದ ಲವಣಾಂಶವೂ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ಮೀನು ತಾಳಿಕೊಳ್ಳುತ್ತದೆ, ಪರೋಪಜೀವಿ ತಾಳಲಾರದು. ಇಂಥ ತೊಟ್ಟಿಗಳಲ್ಲಿ ಸಾಕುವ ಹವಳ, ಅಲಂಕಾರದ ಸಿಗಡಿಗಳೂ ತಾಳಲಾರವು, ಬೇರೆ ತೊಟ್ಟಿ ಬೇಕಾಗುವುದು ಅದಕ್ಕಾಗಿಯೇ.

ಮೊದಲ ಕರಡಿನಲ್ಲಿ ನಾನು ‘ನೀರನ್ನು ಚಪ್ಪೆ ಮಾಡುವುದು’ ಎಂದು ಬರೆದಿದ್ದೆ. ಅದನ್ನೋದಿದ ಪರಿಚಿತರೊಬ್ಬರು ‘ಹಾಗಾದರೆ ಬಾವಿಯ ನೀರೇ ಸಾಕಲ್ಲವೇ?’ ಎಂದು ಕೇಳಿದಾಗ ನನಗೆ ಗಾಬರಿಯಾಯಿತು. ನಮ್ಮ ಕಡೆ ಉಪ್ಪೇ ಹಾಕದ ಸಾರು ಚಪ್ಪೆ. ಅವರ ತಿಳಿವಳಿಕೆಯಲ್ಲಿ ತಪ್ಪಿರಲಿಲ್ಲ. ಸಿಹಿನೀರಿನಲ್ಲಿ ಕೆಲವೇ ನಿಮಿಷ ಮೀನನ್ನು ಅದ್ದಿ ತೆಗೆಯುವುದು ಬೇರೆಯದೇ ಆದ ಚಿಕಿತ್ಸೆ, ವಾರಗಟ್ಟಲೆ ಅದರಲ್ಲಿಟ್ಟರೆ ಮೀನು ಉಳಿಯದು. ನೀರು ಬೆರೆಸಿ ತೆಳುವಾಗಿಸಿದ ದ್ರಾವಣಕ್ಕೆ ಶಾಲೆಯ ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿರುವ ‘ಸಾರರಿಕ್ತ’ ಎಂಬ ಪದದಲ್ಲೂ ಇದೇ ತೊಡಕಿದೆ: ‘ರಿಕ್ತ’ವೆಂದರೆ ಬರಿದು, ಇಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಉಪ್ಪು ಉಳಿದೇ ಇರುತ್ತದೆ. ‘ಅಲ್ಪಲವಣತೆ’ ಶುದ್ಧವಾದ ಪದವೇ ಆದರೂ ಅದು ನೀರಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ನಾವು ಮಾಡುವ ಕೆಲಸವನ್ನು ಹೇಳುವುದಿಲ್ಲ.

ನನ್ನ ಒಲವು ‘ಉಪ್ಪಿಳಿಕೆ’ಯ ಕಡೆಗಿದೆ. ಇಳಿಯುವುದು ಹಂತಹಂತವಾಗಿ, ಮತ್ತು ಇಳಿದದ್ದು ಏರಲೇಬೇಕು. ಚಿಕಿತ್ಸೆ ಮುಗಿದ ಮೇಲೆ ಉಪ್ಪನ್ನು ಇಳಿಸಿದ್ದಕ್ಕಿಂತ ನಿಧಾನವಾಗಿ, ದಿನಗಟ್ಟಲೆ ಏರಿಸಬೇಕಾಗುವುದರಿಂದ ‘ಉಪ್ಪೇರಿಕೆ’ ಎಂಬ ಜೋಡಿ ಪದವೂ ತಾನಾಗಿ ಒದಗುತ್ತದೆ. ಆದರೆ ಒಂದು ಶಂಕೆಯಿದೆ. ಮಳೆಗಾಲದಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಉಪ್ಪು ತಾನಾಗಿಯೇ ಇಳಿಯುತ್ತದೆ, ಅದು ಇಳಿಕೆ. ತೊಟ್ಟಿಯಲ್ಲಿ ನಾವು ಇಳಿಸುತ್ತೇವೆ. ಹಾಗಿದ್ದರೆ ‘ಉಪ್ಪಿಳಿಸುವಿಕೆ’ ಎನ್ನಬೇಕೇ? ‘ತೆರಿಗೆ ಇಳಿಕೆ’ ಎಂದಾಗಲೂ ಇಳಿಸಿದವರು ಇದ್ದೇ ಇರುವುದರಿಂದ ಚಿಕ್ಕ ರೂಪವೇ ಸಾಕೆಂದು ನನಗೆ ತೋರುತ್ತದೆ, ವ್ಯಾಕರಣ ಬಲ್ಲವರು ತಿದ್ದಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆ ರೋಗದ ಹೆಸರಿನದು. ‘ಬಿಳಿಚುಕ್ಕೆ ರೋಗ’ ಎಂದರೆ ಕುಮಟಾ, ಅಂಕೋಲಾಗಳ ಸಿಗಡಿ ಕೃಷಿಕರು ಸಿಗಡಿಗೆ ತಗಲುವ ವೈರಾಣು ರೋಗವೆಂದೇ ತಿಳಿಯುತ್ತಾರೆ, ಅದಕ್ಕೆ ಈ ಚಿಕಿತ್ಸೆ ಮದ್ದಲ್ಲ. ಸಿಹಿನೀರಿನ ಮೀನುಗಳಿಗೆ ಬಿಳಿಚುಕ್ಕೆ ತರುವ ಜೀವಿಯೂ ಬೇರೆ. ‘ಕಡಲಮೀನಿನ ಬಿಳಿಚುಕ್ಕೆ’ ಎಂದು ಪ್ರತಿಸಲವೂ ಬರೆದರೆ ವಾಕ್ಯ ಭಾರವಾಗುತ್ತದೆ, ಬಿಟ್ಟರೆ ಓದುಗರು ದಾರಿ ತಪ್ಪುತ್ತಾರೆ. ಇದಕ್ಕೆ ಒಂದೇ ಪದದ ಹೆಸರು ಕರಾವಳಿಯ ಯಾವುದಾದರೂ ಊರಿನ ಮಾತಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ.