ಫುಕುವೊಕಾದಲ್ಲಿ ಮೂರ್ನಾಲ್ಕು ದಿನ ಇರಬಹುದಾ? ಊಟ, ಸುತ್ತಾಟ, ಶಾಪಿಂಗ್ ಬಗ್ಗೆ ಹೇಳಿ

ಹಾದಿಹೂವು:

ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಯ ವಾರ ನಾನು, ನನ್ನ ಗಂಡ, ಅತ್ತೆ ಮೂವರೂ ಜಪಾನಿಗೆ ಹೊರಟಿದ್ದೇವೆ. ಟೋಕಿಯೊ, ಕ್ಯೋಟೊ ಪಕ್ಕಾ ಆಗಿದೆ. ಕೊನೆಗೆ ಸಮುದ್ರ ಇರುವ ಒಂದು ಊರಲ್ಲಿ ಓಡಾಟ ಕಡಿಮೆ ಮಾಡಿಕೊಂಡು ಮೂರ್ನಾಲ್ಕು ದಿನ ಇರಬೇಕು ಅಂತ ಆಸೆ. ಅದಕ್ಕೆ ಫುಕುವೊಕಾ ಯೋಚಿಸಿದ್ದೇವೆ. ಆದರೆ ಎಲ್ಲಿ ನೋಡಿದರೂ "ರಾಮೆನ್ ತಿನ್ನಿ, ಹೊರಡಿ, ಒಂದು ದಿನ ಸಾಕು" ಅಂತಲೇ ಬರೆದಿದ್ದಾರೆ. ನಿಜವಾಗಲೂ ಅಷ್ಟೇನಾ?

ಇನ್ನೊಂದು ತಲೆನೋವು ಊಟದ್ದು. ಗಂಡ ಎಲ್ಲಾ ತಿನ್ನುತ್ತಾರೆ, ನಾನು ಕೋಳಿ ಮತ್ತು ಮೀನಿನ ತನಕ, ಅತ್ತೆ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅವರಿಗೆ ಮೊಣಕಾಲು ನೋವು ಬೇರೆ ಇದೆ, ಜಾಸ್ತಿ ಮೆಟ್ಟಿಲು ಆಗಲ್ಲ. ಶಾಪಿಂಗ್ ಅಂದರೆ ಎಲ್ಲಾ ಊರಲ್ಲೂ ಸಿಗುವ ಬ್ರ್ಯಾಂಡ್ ಬೇಡ, ಅಲ್ಲಿಯದೇ ಅನ್ನುವಂಥದ್ದು ಬೇಕು. ಹೋಗಿ ಬಂದವರು ದಯವಿಟ್ಟು ಹೇಳಿ.

ನೀಲಿಕೊಡೆ:

ಧೈರ್ಯವಾಗಿ ಇರಿ ಮೇಡಂ, ಮೂರ್ನಾಲ್ಕು ದಿನ ಏನೂ ಜಾಸ್ತಿ ಆಗಲ್ಲ. ಒಂದು ದಿನ ಸಾಕು ಅನ್ನುವವರು ಸಾಮಾನ್ಯವಾಗಿ ಬೆಳಗ್ಗೆ ಬಂದು ಸಂಜೆಗೆ ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತಿಬಿಡುತ್ತಾರೆ, ಆದರೆ ಈ ಊರು ಸರಿಯಾಗಿ ಎದ್ದೇಳುವುದೇ ಸಂಜೆಯ ಮೇಲೆ.

ಮೊದಲು ಒಂದು ಮಾತು: ಕ್ಯೋಟೊದಿಂದ ಟಿಕೆಟ್ ಹುಡುಕುವಾಗ ಸ್ಟೇಷನ್ ಹೆಸರು ಹಕಾತ ಅಂತ ಹಾಕಿ. ನಾಕಾ ನದಿಯ ಈ ಕಡೆ ವ್ಯಾಪಾರಿಗಳ ಊರು ಹಕಾತ, ಆ ಕಡೆ ಕೋಟೆ ಮತ್ತು ಸಮುರಾಯ್‌ಗಳ ಊರು ಫುಕುವೊಕಾ. 1889ರಲ್ಲಿ ಎರಡೂ ಸೇರಿ ಒಂದು ನಗರ ಆಯ್ತು, ನಗರಕ್ಕೆ ಒಂದರ ಹೆಸರು, ಸ್ಟೇಷನ್ನಿಗೆ ಇನ್ನೊಂದರ ಹೆಸರು ಉಳಿಯಿತು. ನೊಜೊಮಿ ರೈಲಿನಲ್ಲಿ ಮೂರು ಗಂಟೆಯೊಳಗೆ ತಲುಪುತ್ತೀರಿ. ಹೋಟೆಲ್ ಹಕಾತ ಸ್ಟೇಷನ್ ಹತ್ತಿರ ಅಥವಾ ಊರ ನಡುವಿನ ತೆಂಜಿನ್‌ನಲ್ಲಿ ಮಾಡಿ. ವಿಮಾನ ನಿಲ್ದಾಣ ಹಕಾತದಿಂದ ಸಬ್‌ವೇಯಲ್ಲಿ ಬರೀ ಎರಡು ಸ್ಟಾಪ್, ಐದು ನಿಮಿಷ. ಇಷ್ಟು ಹತ್ತಿರ ಏರ್‌ಪೋರ್ಟ್ ಇರುವ ದೊಡ್ಡ ಊರು ಜಪಾನಿನಲ್ಲಿ ಇನ್ನೊಂದಿಲ್ಲ. ಆದರೆ ಸಬ್‌ವೇ ಇರುವುದು ಡೊಮೆಸ್ಟಿಕ್ ಟರ್ಮಿನಲ್ ಕಡೆ. ನಿಮ್ಮ ವಿಮಾನ ಇಂಟರ್‌ನ್ಯಾಷನಲ್ ಆದರೆ ಅಲ್ಲಿಂದ ಉಚಿತ ಬಸ್ ಹಿಡಿಯಬೇಕು, ಅದಕ್ಕೆ ಸ್ವಲ್ಪ ಸಮಯ ಇಟ್ಟುಕೊಳ್ಳಿ.

ಸಂಜೆ ಯತಾಯ್‌ಗೆ ಹೋಗಲೇಬೇಕು. ಯತಾಯ್ ಅಂದರೆ ಬೀದಿಬದಿಯ ತಳ್ಳುಗಾಡಿ ಅಂಗಡಿ, ಕತ್ತಲಾಗುವ ಹೊತ್ತಿಗೆ ಫುಟ್‌ಪಾತ್ ಮೇಲೆ ಬಂದು ನಿಲ್ಲುತ್ತವೆ, ಬೆಳಗ್ಗೆ ನೋಡಿದರೆ ಒಂದೂ ಇರುವುದಿಲ್ಲ. ಹತ್ತು ಜನ ಕೂತರೆ ಭರ್ತಿ, ಪಕ್ಕದವರ ಮೊಣಕೈ ನಿಮಗೆ ತಾಗುತ್ತದೆ, ಮಾತು ತಾನಾಗಿಯೇ ಶುರುವಾಗುತ್ತದೆ. ನಾಕಾಸು ಅನ್ನುವ ಜಾಗದ ನದಿದಂಡೆಯವು ಫೋಟೋದಲ್ಲಿ ಚೆಂದ, ಆದರೆ ಪ್ರವಾಸಿಗರೇ ಜಾಸ್ತಿ. ತೆಂಜಿನ್ ರಸ್ತೆಯ ಕಡೆ ಆಫೀಸ್ ಮುಗಿಸಿ ಬರುವವರು ಕೂಡ ಕೂತಿರುತ್ತಾರೆ, ನನಗೆ ಅಲ್ಲಿಯದೇ ಇಷ್ಟ. ಪ್ರತಿಯೊಬ್ಬರೂ ಏನಾದರೂ ಒಂದು ಆರ್ಡರ್ ಮಾಡಬೇಕು, ತಿಂದಾದ ಮೇಲೆ ಸೀಟು ಬಿಡಬೇಕು. ಟಾಯ್ಲೆಟ್ ಇರಲ್ಲ. ನಗದು ಇಟ್ಟುಕೊಳ್ಳಿ. ಮಳೆ, ಜೋರು ಗಾಳಿ ಇದ್ದರೆ ಅಂಗಡಿ ಹಾಕುವುದೇ ಇಲ್ಲ, ಹಾಗಾಗಿ ಮೊದಲ ದಿನವೇ ಆಕಾಶ ಚೆನ್ನಾಗಿದ್ದರೆ ಮುಂದೂಡಬೇಡಿ.

ನಿಮ್ಮವರಿಗೆ ರಾಮೆನ್ ಬಗ್ಗೆ: ಇಲ್ಲಿಯದು ತೊಂಕೊತ್ಸು, ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಬಿಳಿ ಸಾರು. ನೂಡಲ್ಸ್ ಎಳೆ ತುಂಬಾ ತೆಳು. ನಾಗಹಾಮಾ ಮೀನು ಮಾರುಕಟ್ಟೆಯವರಿಗೆ ಕಾಯುವಷ್ಟು ಪುರುಸೊತ್ತು ಇರುತ್ತಿರಲಿಲ್ಲ, ತೆಳು ಎಳೆ ಬೇಗ ಬೇಯುತ್ತದೆ. ಬೇಗ ಮೆತ್ತಗೂ ಆಗುತ್ತದೆ, ಅದಕ್ಕೇ ಮೊದಲು ಸ್ವಲ್ಪವೇ ಕೊಡುತ್ತಾರೆ. ಸಾರು ಉಳಿಸಿಕೊಂಡು "ಕಾಯೆದಾಮಾ" ಅಂದರೆ ಇನ್ನೊಂದು ಹಿಡಿ ಬಿಸಿ ನೂಡಲ್ಸ್ ಬಟ್ಟಲಿಗೆ ಬೀಳುತ್ತದೆ. ನೀವು ಹಂದಿ ತಿನ್ನಲ್ಲ ಅನ್ನುವುದಾದರೆ ಮಿಜುತಾಕಿ ಕೇಳಿ, ಕೋಳಿಯನ್ನು ಸಾರಿನಲ್ಲಿ ಬೇಯಿಸುತ್ತಾ ತಿನ್ನುವ ಹಾಟ್‌ಪಾಟ್. ಅದೂ ಹಕಾತದ್ದೇ ಅಡುಗೆ.

ಹಳೇನಕ್ಷೆ:

ಊಟದ ಮಾತು ಎಲ್ಲರೂ ಹೇಳುತ್ತಾರೆ, ನಾನು ನೋಡುವ ಜಾಗ ಹೇಳುತ್ತೇನೆ. ಹಕಾತ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಹಳೆಯ ದೇವಸ್ಥಾನಗಳನ್ನು ಯಾಕೋ ಜನ ಬಿಟ್ಟುಬಿಡುತ್ತಾರೆ. ಶೋಫುಕುಜಿಯನ್ನು 1195ರಲ್ಲಿ ಐಸಾಯ್ ಎಂಬ ಬೌದ್ಧ ಸನ್ಯಾಸಿ ಕಟ್ಟಿಸಿದ್ದು, ಜಪಾನಿನ ಮೊದಲ ಝೆನ್ ದೇವಸ್ಥಾನ ಅದು. ಪಕ್ಕದಲ್ಲೇ ತೋಚೋಜಿ, ಅಲ್ಲಿ 10.8 ಮೀಟರ್ ಎತ್ತರದ ಕೂತ ಮರದ ಬುದ್ಧ. ವಿಗ್ರಹ ಹೊಸದು, 1992ರಲ್ಲಿ ಮುಗಿದಿದ್ದು, ಆದರೆ ಎದುರಿಗೆ ನಿಂತಾಗ ಮಾತು ಬರಲ್ಲ. ಅಲ್ಲಿಗೆ ಮೆಟ್ಟಿಲಿದೆ, ನಿಮ್ಮ ಅತ್ತೆಗೆ ನಿಧಾನವಾಗಿ ಹತ್ತಿಸಿ.

ಕುಶಿದಾ ಗುಡಿಗೆ ಹೋಗಿ. ಜುಲೈ 1ರಿಂದ 15ರವರೆಗೆ ನಡೆಯುವ ಯಾಮಾಕಾಸಾ ಜಾತ್ರೆಯ ಅಲಂಕಾರದ ಎತ್ತರದ ತೇರನ್ನು ಉಳಿದ ದಿನಗಳಲ್ಲೂ ಅಲ್ಲೇ ನಿಲ್ಲಿಸಿರುತ್ತಾರೆ. ಜಾತ್ರೆಯ ಕೊನೆಯ ದಿನ ಸುಮಾರು ಒಂದು ಟನ್ ತೂಕದ ತೇರುಗಳನ್ನು ಗಂಡಸರು ಹೆಗಲ ಮೇಲೆ ಹೊತ್ತು ಓಡುತ್ತಾರೆ. ಮೊದಲ ತೇರು ಹೊರಡುವುದು ಬೆಳಗ್ಗೆ 4 ಗಂಟೆ 59 ನಿಮಿಷಕ್ಕೆ ಸರಿಯಾಗಿ. ಐದಕ್ಕೆ ಯಾಕಲ್ಲ ಅಂದರೆ, ಮೊದಲಿನವರಿಗೆ ಮಾತ್ರ ಗುಡಿಯ ಅಂಗಳದಲ್ಲಿ ಶುಭದ ಹಾಡು ಹೇಳುವ ಗೌರವ ಇದೆ, ಅದಕ್ಕೆ ಆ ಒಂದು ನಿಮಿಷ. ನಿಮಗೆ ಮಾರ್ಚ್‌ನಲ್ಲಿ ಇದು ಕಾಣಸಿಗಲ್ಲ, ಆದರೆ ತೇರಿನ ಮುಂದೆ ನಿಂತಾಗ ಇದು ಗೊತ್ತಿರಬೇಕು.

ನನಗೆ ಈ ಊರಲ್ಲಿ ಎಲ್ಲಕ್ಕಿಂತ ಮುಖ್ಯ ಒಂದು ಪುಟ್ಟ ಚಿನ್ನದ ಮುದ್ರೆ. ನಗರದ ಮ್ಯೂಸಿಯಂನಲ್ಲಿದೆ, ಒಂದೊಂದು ಬದಿ ಬರೀ 2.3 ಸೆಂಟಿಮೀಟರ್. ಕ್ರಿ.ಶ. 57ರಲ್ಲಿ ಚೀನಾದ ಹಾನ್ ಚಕ್ರವರ್ತಿ ಇಲ್ಲಿನ "ನಾ" ಎಂಬ ರಾಜ್ಯದ ದೊರೆಗೆ ಕೊಟ್ಟಿದ್ದು ಇದೇ ಎನ್ನುತ್ತಾರೆ. 1784ರಲ್ಲಿ ಶಿಕಾನೊಶಿಮಾ ದ್ವೀಪದಲ್ಲಿ ಹೊಲದ ಕೆಲಸದಲ್ಲಿ ಸಿಕ್ಕಿತು. ಸಮುದ್ರದಾಚೆಗೆ ಈ ಊರಿನ ನಂಟು ಎಷ್ಟು ಹಳೆಯದು ಅಂತ ಅದೊಂದೇ ಹೇಳುತ್ತದೆ. ಮ್ಯೂಸಿಯಂಗೆ ಸೋಮವಾರ ರಜೆ, ಹೊರಡುವ ಮುಂಚೆ ತೆರೆದಿದೆಯಾ ನೋಡಿಕೊಳ್ಳಿ. ಅಲ್ಲಿಂದ ಮೊಮೊಚಿ ಕಡಲತೀರ ಹತ್ತಿರ, 234 ಮೀಟರಿನ ಫುಕುವೊಕಾ ಟವರ್ ಅಲ್ಲೇ ಇದೆ, ಲಿಫ್ಟ್ ಇರುವುದರಿಂದ ಅತ್ತೆಗೂ ತೊಂದರೆ ಇಲ್ಲ.

ಮತ್ತೆ ಮಾರ್ಚ್ ಕೊನೆ ಅಂದಿರಲ್ಲ, ಆಗ ಇಲ್ಲಿ ಸಕುರಾ, ಅಂದರೆ ಚೆರ್ರಿ ಹೂವಿನ ಸಮಯ. ಮೈಜುರು ಪಾರ್ಕಿನ ಕೋಟೆ ಗೋಡೆಗಳ ನಡುವೆ ಹೂವು, ಪಕ್ಕದಲ್ಲಿ ಓಹೊರಿ ಕೆರೆ. ಕೆರೆ ಸುತ್ತ ದಾರಿ ಪೂರ್ತಿ ಸಮತಟ್ಟು.

ಬೆಳಗಿನಚಹಾ:

ಸಸ್ಯಾಹಾರದ ಬಗ್ಗೆ ನಾನು ಹೇಳಬೇಕು, ಯಾಕೆಂದರೆ ನನ್ನ ತಾಯಿಯ ಜೊತೆ ಅಲ್ಲಿ ಸುತ್ತಿದ್ದೇನೆ. ತೊಂದರೆ ಮಾಂಸದ್ದಲ್ಲ ಅಕ್ಕಾ, ದಾಶಿಯದ್ದು, ಅಂದರೆ ಅಡುಗೆಗೆ ಹಾಕುವ, ಸಾಮಾನ್ಯವಾಗಿ ಮೀನಿನಿಂದ ಮಾಡಿದ ತಿಳಿ ಸಾರು. ತರಕಾರಿ ಉಡೋನ್ (ದಪ್ಪ ನೂಡಲ್ಸ್) ಅಂತ ಬೋರ್ಡ್ ಇದ್ದರೂ ಸಾರು ಮೀನಿನದು. ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿ ಸುಶಿ ಸಸ್ಯಾಹಾರ ಅಂತ ಬಹಳ ಜನ ಹೇಳುತ್ತಾರೆ, ಆದರೆ ಆ ತೋಫು ಚೀಲವನ್ನೂ ಸಾಮಾನ್ಯವಾಗಿ ದಾಶಿಯಲ್ಲೇ ಕುದಿಸಿರುತ್ತಾರೆ. ಟೆಂಪುರಾ (ಬಜ್ಜಿಯಂಥದ್ದು) ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಹಾಗಾಗಿ "ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ಯಾವುದೂ ಬೇಡ" ಅಂತ ಜಪಾನಿ ಭಾಷೆಯಲ್ಲಿ ಬರೆಸಿದ ಒಂದು ಚೀಟಿ ಇಟ್ಟುಕೊಳ್ಳಿ. ಸುಮ್ನೆ "ವೆಜಿಟೇರಿಯನ್" ಅಂದರೆ ಅವರಿಗೆ ದಾಶಿ ನೆನಪಿಗೇ ಬರಲ್ಲ, ಪಾಪ.

ನಂಬಬಹುದಾದದ್ದು: ಸೌತೆಕಾಯಿ ಸುಶಿ ಸುರುಳಿ ಕಪ್ಪಾ ಮಾಕಿ, ಬರೀ ಉಪ್ಪಿನ ಅನ್ನದುಂಡೆ ಒನಿಗಿರಿ, ಕನ್ವೀನಿಯನ್ಸ್ ಸ್ಟೋರಿನಲ್ಲಿ ಸಿಗುವ ರೆಡಿ ಅನ್ನದ ಪ್ಯಾಕೆಟ್, ಹಣ್ಣು. ಹಕಾತ ಮತ್ತು ತೆಂಜಿನ್‌ನಲ್ಲಿ ಭಾರತೀಯ ಹೋಟೆಲ್‌ಗಳೂ ಇವೆ, ದಿನಕ್ಕೆ ಒಂದು ಊಟ ಅಲ್ಲಿ ಅಂತ ಮೊದಲೇ ಇಟ್ಟುಕೊಂಡರೆ ಹಿರಿಯರಿಗೆ ನೆಮ್ಮದಿ. ಮಾರ್ಚ್‌ನಲ್ಲಿ ಅಮಾವೊ ಸ್ಟ್ರಾಬೆರಿ ಸಿಗುತ್ತದೆ, ಫುಕುವೊಕಾದ್ದೇ ತಳಿ, ದೊಡ್ಡದು, ಒಳಗೂ ರಸ ತುಂಬಿರುತ್ತದೆ. ಹತ್ತಿರದ ದಜೈಫು ಊರಿನ ಗುಡಿಗೆ ಹೋದರೆ ದಾರಿಯುದ್ದಕ್ಕೂ ಉಮೆಗಾಯೆ ಮೋಚಿ ಸುಡುತ್ತಿರುತ್ತಾರೆ, ಅಕ್ಕಿ ಹಿಟ್ಟಿನೊಳಗೆ ಸಿಹಿ ಅಜುಕಿ ಕಾಳಿನ ಹೂರಣ, ನಮ್ಮಮ್ಮ ಕೈಗೆ ಬಿಸಿ ತಾಗುತ್ತಿದ್ದರೂ ಬಿಡದೆ ತಿಂದರು. ತೆಂಜಿನ್‌ನಿಂದ ನಿಶಿತೆತ್ಸು ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಫುತ್ಸುಕಾಯಿಚಿಯಲ್ಲಿ ಬದಲಿಸಬೇಕು. ಕ್ಯೋಟೊದಿಂದ ಗಡಿಪಾರಾಗಿ ಬಂದು 903ರಲ್ಲಿ ಅಲ್ಲೇ ತೀರಿಕೊಂಡ ಪಂಡಿತ ಮಿಚಿಜಾನೆಯ ಗುಡಿ ಅದು, ಪರೀಕ್ಷೆ ಬರೆಯುವ ಮಕ್ಕಳು ಬಂದು ಕೈಮುಗಿಯುತ್ತಾರೆ.

ಹಾದಿಹೂವು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಅತ್ತೆಗೆ ಓದಿ ಹೇಳಿದೆ, ಮೋಚಿ ಅಂದ ತಕ್ಷಣ ಒಪ್ಪಿಕೊಂಡರು. ಒಂದು ದಿನ ಹೊರಗೆ ಹೋಗಲು ಯಾನಾಗಾವಾ ದೋಣಿ ಚೆನ್ನಾಗಿರುತ್ತಾ, ನೊಕೊನೊಶಿಮಾ ದ್ವೀಪವಾ? ಶಾಪಿಂಗ್ ಬಗ್ಗೆ ಯಾರೂ ಹೇಳಲಿಲ್ಲ.

ನೇಯ್ಗೆಮನೆ:

ಯಾನಾಗಾವಾ ನನಗೆ ಬಹಳ ಇಷ್ಟದ ಜಾಗ. ಕಾಲುವೆಯಲ್ಲಿ ಗಳ ಊರುತ್ತಾ ಒಂದು ಗಂಟೆಗೂ ಹೆಚ್ಚು ಕರೆದುಕೊಂಡು ಹೋಗುತ್ತಾರೆ, ಸೇತುವೆ ಬಂದಾಗ ಎಲ್ಲರೂ ತಲೆ ಬಗ್ಗಿಸಬೇಕು. ಆದರೆ ಚಪ್ಪಲಿ ಬಿಟ್ಟು ದೋಣಿಯ ತಳದಲ್ಲಿ ಚಕ್ಕಂಬಕ್ಕಳ ಹಾಕಿ ಕೂರಬೇಕು, ಮೊಣಕಾಲು ನೋವಿದ್ದರೆ ಅಷ್ಟು ಹೊತ್ತು ಕಷ್ಟ. ಜೊತೆಗೆ ಅಲ್ಲಿಯ ಹೆಸರಾದ ಊಟ ಅನ್ನದ ಜೊತೆ ಹಬೆಯಲ್ಲಿ ಬೇಯಿಸಿದ ಹಾವುಮೀನು, ಅತ್ತೆ ಸುಮ್ನೆ ಕೂರಬೇಕಾಗುತ್ತದೆ. ನೊಕೊನೊಶಿಮಾ ನೋಡಿ. ಮೇಯ್ನೊಹಾಮಾದಿಂದ ಫೆರಿ ಹತ್ತು ನಿಮಿಷ, ಮೇಲಿನ ಪಾರ್ಕಿಗೆ ಬಸ್ ಇದೆ. ಮಾರ್ಚ್‌ನಲ್ಲಿ ಇಳಿಜಾರಿನ ತುಂಬಾ ಹಳದಿ ನಾನೊಹಾನಾ (ಸಾಸಿವೆ ಜಾತಿಯ ಹೂವು), ಹಿಂದೆ ಸಮುದ್ರ.

ಅಲ್ಲಿಯದೇ ವಸ್ತು ಬೇಕು ಅಂದಿರಲ್ಲ, ಹಕಾತ-ಓರಿ ರೇಷ್ಮೆ ನೋಡಿ. ಕಿಮೋನೊಗೆ ಕಟ್ಟುವ ಸೊಂಟಪಟ್ಟಿ ಓಬಿಗೆಂದೇ ನೇಯುವ ಗಟ್ಟಿ ಬಟ್ಟೆ, ಬಿಗಿದು ಕಟ್ಟಿದರೆ ಸಡಿಲ ಆಗಲ್ಲ ಅಂತ ಹೆಸರು. ಪೂರ್ತಿ ಓಬಿ ದುಬಾರಿ, ಆದರೆ ಅದೇ ನೇಯ್ಗೆಯ ಪರ್ಸು, ಕಾರ್ಡ್ ಹೋಲ್ಡರ್ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಕುಶಿದಾ ಗುಡಿ ಎದುರಿಗಿರುವ ಹಕಾತ ಮಾಚಿಯಾ ಮ್ಯೂಸಿಯಂನಲ್ಲಿ ಮಗ್ಗದಲ್ಲಿ ನೇಯುವುದನ್ನೇ ನೋಡಬಹುದು, ಅದನ್ನು ನೋಡಿದ ಮೇಲೆ ಬೆಲೆ ಯಾಕೆ ಅಷ್ಟು ಅಂತ ಅರ್ಥವಾಗುತ್ತದೆ. ಅಲ್ಲಿಂದ ಕವಾಬಾತಾ ಮಾರ್ಕೆಟ್ ಬೀದಿ, ಪೂರ್ತಿ ಚಾವಣಿ ಇದೆ. ಮಳೆ ಬಂದರೆ ತೆಂಜಿನ್ ನೆಲದಡಿಯ ಮಾಲ್‌ಗೆ ಹೋಗಿ, 1976ರದ್ದು. ಚಹಾಕ್ಕೆ ಯಾಮೆ ಅಂತ ಕೇಳಿ, ಇದೇ ಪ್ರಾಂತ್ಯದ್ದು, ಅಲ್ಲಿನ ಗ್ಯೊಕುರೊ ಎಂಬ ಹಸಿರು ಚಹಾಗೆ ದೊಡ್ಡ ಹೆಸರಿದೆ.

ಪಾಸ್‌ಪೋರ್ಟ್ ಜೊತೆಗಿರಲಿ. ಒಂದೇ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ಮೇಲೆ ಕೊಂಡರೆ ಟ್ಯಾಕ್ಸ್ ಫ್ರೀ ಸಿಗುತ್ತದೆ, ಸಾಮಾನಿಗೆ 10, ತಿನ್ನುವ ವಸ್ತುವಿಗೆ 8 ಪರ್ಸೆಂಟ್. 2026ರ ನವೆಂಬರ್ 1ರಿಂದ ನಿಯಮ ಬದಲು, ಮೊದಲು ಪೂರ್ತಿ ಕೊಟ್ಟು ಹೊರಡುವಾಗ ವಾಪಸ್ ಪಡೆಯಬೇಕು. ಮತ್ತೆ ನಿಮ್ಮ ಯಜಮಾನರು ಮೆಂತಾಯ್ಕೊ ಅಂತ ಹಟ ಹಿಡಿದರೆ, ಅದು ಖಾರ ಹಾಕಿದ ಮೀನಿನ ಮೊಟ್ಟೆ, ತಣ್ಣಗೆ ಇಡಬೇಕು. ಅದನ್ನು ಅಲ್ಲೇ ಬಿಸಿ ಅನ್ನದ ಜೊತೆ ತಿಂದು ಮುಗಿಸಲಿ, ಸೂಟ್‌ಕೇಸಿಗೆ ಅದೇ ರುಚಿಯ ಮೆಂಬೇ ಬಿಸ್ಕತ್ತಿನ ಡಬ್ಬ ಸಾಕು, ಏರ್‌ಪೋರ್ಟಲ್ಲೇ ಸಿಗುತ್ತದೆ.