ಅಮೆರಿಕದ ಎಂಎಸ್ ಅರ್ಜಿ: ಡಿಸೆಂಬರ್ 15ಕ್ಕೆ ಮೂರೇ ವಾರ, ಎಸ್‌ಒಪಿ ಮುಂದಕ್ಕೆ ಹೋಗುತ್ತಿಲ್ಲ

ದಾವಣಗೆರೆ ಹುಡುಗಿ
ನವೆಂಬರ್ 24, ರಾತ್ರಿ 11.10

ಎಲ್ಲರಿಗೂ ನಮಸ್ಕಾರ. ನಾನು 2022ರಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದೆ, ವಿಟಿಯು. ಸಿಜಿಪಿಎ 7.4. ಗಣಿತದ ಎಂ-3 ಪತ್ರಿಕೆಯಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು, ಮುಂದಿನ ಸೆಮಿಸ್ಟರ್‌ನಲ್ಲೇ ಪಾಸಾಯಿತು. ಮೂರು ವರ್ಷದಿಂದ ಬೆಂಗಳೂರಿನ ಪೀಣ್ಯದಲ್ಲಿ ಒಂದು ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮೆರಿಕದಲ್ಲಿ ಮೆಟೀರಿಯಲ್ಸ್ ಸೈನ್ಸ್ ಎಂಎಸ್ ಮಾಡುವ ಆಸೆ. ಆರು ಯೂನಿವರ್ಸಿಟಿ ಆರಿಸಿಕೊಂಡಿದ್ದೇನೆ. ನಾಲ್ಕರ ಕೊನೆಯ ದಿನ ಡಿಸೆಂಬರ್ 15.

ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ 2024ರ ಫೆಬ್ರವರಿಯಲ್ಲಿ ಬರೆದೆ, 7.5 ಬಂತು. ಪ್ರವೇಶ ಪರೀಕ್ಷೆ ಜಿಆರ್‌ಇ ಬರೆದಿಲ್ಲ. ಎಸ್‌ಒಪಿ (ಯಾಕೆ ಓದಬೇಕು ಎಂದು ನಾವೇ ಬರೆಯುವ ಉದ್ದೇಶ ಪತ್ರ) ಮಾತ್ರ ಒಂದು ಪ್ಯಾರಾ ಆದ ಮೇಲೆ ನಿಂತುಬಿಟ್ಟಿದೆ. 'ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಆಸಕ್ತಿ' ಎಂದು ಶುರು ಮಾಡಿದ್ದೇನೆ. ಹೋದ ತಿಂಗಳು ನಮ್ಮಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ, ಟೆಂಪರಿಂಗ್ (ತಣಿಸಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವುದು) ಆಗದೆ ಉಳಿದ ಶಾಫ್ಟ್‌ಗಳು ಬೆಳಗಾಗುವಷ್ಟರಲ್ಲಿ ಬಿರುಕು ಬಿಟ್ಟಿದ್ದವು. ಆ ಗಲಾಟೆಯಲ್ಲಿ ಎರಡು ವಾರ ಎಸ್‌ಒಪಿ ಮುಟ್ಟುವುದಕ್ಕೇ ಆಗಲಿಲ್ಲ.

ಶಿಫಾರಸು ಪತ್ರದ್ದು ಇನ್ನೊಂದು ಚಿಂತೆ. ಪ್ರಾಜೆಕ್ಟ್ ಗೈಡ್ ಸರ್ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ, ಕಾಲೇಜಿನ ಇಮೇಲ್ ಈಗ ಇಲ್ಲ. ವಿಭಾಗದ ಮುಖ್ಯಸ್ಥರು 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಅನ್ನುತ್ತಾರೆ. ಮೂರನೆಯವರು ನಮ್ಮ ಪ್ಲಾಂಟ್ ಮ್ಯಾನೇಜರ್. ಅವರನ್ನು ಇನ್ನೂ ಕೇಳಿಲ್ಲ.

ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ, ಊರಿನದು ಮತ್ತು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ, ಸರ್‌ನೇಮ್ ಜಾಗ ಖಾಲಿ. ಅರ್ಜಿಯಲ್ಲಿ ಸರ್‌ನೇಮ್ ತುಂಬದಿದ್ದರೆ ಮುಂದಿನ ಪುಟಕ್ಕೇ ಹೋಗುವುದಿಲ್ಲ. ಏನು ಮಾಡಲಿ? ಮನೆಯಲ್ಲಿ ಇದನ್ನೆಲ್ಲ ಕೇಳುವುದಕ್ಕೆ ಯಾರೂ ಇಲ್ಲ, ಹಾಗಾಗಿ ಇಲ್ಲಿ ಬರೆದೆ.

ತಿಪಟೂರಿನವಳು
ನವೆಂಬರ್ 25, ಬೆಳಿಗ್ಗೆ 7.40

ನಾನು ಓಹಿಯೋದಲ್ಲಿ ಮೆಟೀರಿಯಲ್ಸ್ ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೇನೆ. ನಿಮ್ಮ ಹಾಗೇ ವಿಟಿಯು, ನಿಮ್ಮ ಹಾಗೇ ಮನೆಯಲ್ಲಿ ಇಂಥ ಓದಿಗೆ ಹೊರಟ ಮೊದಲನೆಯವಳು. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಸ್‌ಒಪಿ ನಿಂತುಹೋಗಿದೆ ಅನ್ನುತ್ತೀರಿ. ಅದರ ಮುಂದೆಯೇ, ಕರೆಂಟ್ ಹೋದ ರಾತ್ರಿ ಶಾಫ್ಟ್‌ಗಳು ಬಿರುಕು ಬಿಟ್ಟ ಕತೆ ಹೇಳಿದ್ದೀರಿ. ನೀವು ಅದನ್ನು ಅಡ್ಡಿ ಬಂದ ಕೆಲಸ ಅಂದುಕೊಂಡಿದ್ದೀರಿ. ನಿಮ್ಮ ಎಸ್‌ಒಪಿ ಶುರುವಾಗಬೇಕಾದದ್ದೇ ಅಲ್ಲಿಂದ. ಚಿಕ್ಕಂದಿನ ಆಸಕ್ತಿಯನ್ನು ತೆಗೆದುಬಿಡಿ. ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಆ ರಾತ್ರಿಯ ಮಾತನ್ನು ನೀವೊಬ್ಬರೇ ಬರೆಯಬಲ್ಲಿರಿ.

ಹೀಗೆ ಯೋಚಿಸಿ. ಯಾವ ಉಕ್ಕು? ಎಷ್ಟು ಡಿಗ್ರಿಯಿಂದ ತಣಿಸಿದ್ದು, ನೀರಿಗೋ ಎಣ್ಣೆಗೋ? ಎಷ್ಟು ಶಾಫ್ಟ್ ಇದ್ದವು, ಎಷ್ಟು ಸೀಳಿದವು? ಬಿರುಕು ಎಲ್ಲಿಂದ ಹೊರಟಿತ್ತು? ನೀವು ಏನು ನೋಡಿದಿರಿ, ಏನು ಅಂದುಕೊಂಡಿರಿ, ಅದರಲ್ಲಿ ಯಾವುದು ತಪ್ಪು ಅಂತ ಆಮೇಲೆ ತಿಳಿಯಿತು? ಕೊನೆಗೆ, ಕಾರ್ಖಾನೆಯಲ್ಲಿ ಕೂತು ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದು? ಆ ಉಳಿದ ಪ್ರಶ್ನೆಗಾಗಿಯೇ ನೀವು ಓದಲು ಹೊರಟಿರುವುದು, ಅಲ್ವಾ? ಅದನ್ನು ಬರೆದರೆ ಎರಡನೇ ಪುಟ ತಾನಾಗಿಯೇ ಬರುತ್ತದೆ. ಅಲ್ಲಿ ಆ ವಿಭಾಗದ ಒಬ್ಬರೋ ಇಬ್ಬರೋ ಪ್ರೊಫೆಸರ್‌ಗಳ ಹೆಸರು ಹಾಕಿ. ಅವರ ಒಂದು ಪೇಪರನ್ನಾದರೂ ನೀವು ಕೂತು ಓದಿರಬೇಕು. ವೆಬ್‌ಸೈಟಿನಿಂದ ಐದು ಹೆಸರು ಎತ್ತಿ ಹಾಕಿದರೆ ಓದುವವರಿಗೆ ಗೊತ್ತಾಗುತ್ತದೆ. ಒಂದು ಎಚ್ಚರ: ಗ್ರಾಹಕ ಕಂಪನಿಯ ಹೆಸರು, ಡ್ರಾಯಿಂಗ್ ನಂಬರ್ ಯಾವುದೂ ಬರಬಾರದು.

ಬ್ಯಾಕ್‌ಲಾಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಚ್ಚಿಡುವುದೂ ಬೇಡ, ಮಾರ್ಕ್ಸ್ ಕಾರ್ಡಿನಲ್ಲಿ ಕಾಣುತ್ತದೆ. ಅರ್ಜಿಯಲ್ಲಿ 'ಇನ್ನೇನಾದರೂ ಹೇಳುವುದಿದೆಯೇ' ಎಂಬ ಜಾಗ ಇದ್ದರೆ ಎರಡು ಸಾಲು ಬರೆಯಿರಿ, ಸಾಕು. ಸಿಜಿಪಿಎ ಕೇಳಿದ ಕಡೆ 10ಕ್ಕೆ 7.4 ಎಂದೇ ತುಂಬಿ. ಅವರು ಕೇಳದೆ ನೀವೇ ಅಮೆರಿಕದ 4ರ ಲೆಕ್ಕಕ್ಕೆ ಇಳಿಸಬೇಡಿ.

ಜಿಆರ್‌ಇ ಈಗ ಎಷ್ಟೋ ವಿಭಾಗಗಳಲ್ಲಿ ಕಡ್ಡಾಯ ಇಲ್ಲ. ಆರೂ ಕಡೆ ವಿಭಾಗದ ಪುಟವನ್ನೇ ನೋಡಿ, ಹಳೆಯ ಪಟ್ಟಿಗಳನ್ನು ನಂಬಬೇಡಿ. ಐಇಎಲ್‌ಟಿಎಸ್‌ಗೆ ಎರಡು ವರ್ಷ ಆಯಸ್ಸು. ನಿಮ್ಮದು ಬರುವ ಫೆಬ್ರವರಿಗೆ ಮುಗಿಯುತ್ತದೆ. ಕೆಲವರು ಅರ್ಜಿ ಹಾಕಿದ ದಿನಕ್ಕೆ ಅದು ನಡೆಯುತ್ತಿದ್ದರೆ ಸಾಕು ಅನ್ನುತ್ತಾರೆ, ಕೆಲವರು ಕ್ಲಾಸ್ ಶುರುವಾಗುವ ದಿನ ನೋಡುತ್ತಾರೆ. ಇದನ್ನು ಇವತ್ತೇ ಆರೂ ಕಡೆ ಇಮೇಲ್ ಮಾಡಿ ಕೇಳಿ. ಮತ್ತೆ ಬರೆಯಬೇಕಾಗಿ ಬಂದರೆ ದಿನ ಬೇಕಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಖಾಲಿ. ನಾನು ಅರ್ಜಿಯಲ್ಲಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿದೆ. ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸ್‌ಪೋರ್ಟಿನ ಹಾಗೆ ಒಂದೇ ಹೆಸರು. ಒಂದು ಯೂನಿವರ್ಸಿಟಿಯಲ್ಲಿ ನನ್ನ ಹೆಸರಿನಲ್ಲಿ ಎರಡು ಫೈಲ್ ಆಗಿಬಿಟ್ಟಿತು. ಒಂದರಲ್ಲಿ ಅರ್ಜಿ, ಇನ್ನೊಂದರಲ್ಲಿ ಅಂಕ. ಜನವರಿ ಮಧ್ಯದವರೆಗೂ 'ಅರ್ಜಿ ಅಪೂರ್ಣ' ಎಂದೇ ತೋರಿಸುತ್ತಿತ್ತು. ನಾನು ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಿದ್ದೆ. ಕೊನೆಗೆ ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿ ಸ್ಕ್ಯಾನ್ ಮಾಡಿ ಇಮೇಲ್ ಕಳಿಸಿದ ಮೇಲೆ ಎರಡೂ ಫೈಲ್ ಒಂದಾದವು. ಮೊದಲೇ ಕೇಳಿದ್ದರೆ ಆ ಒಂದು ತಿಂಗಳ ಸಂಕಟ ಇರುತ್ತಿರಲಿಲ್ಲ.

ಹಾಗಾಗಿ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೇ ಇರಲಿ. ಒಂದೇ ಹೆಸರಿನವರು ಏನು ತುಂಬಬೇಕು ಎಂದು ಕೆಲವು ಅರ್ಜಿಗಳಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ ಪ್ರವೇಶ ಕಚೇರಿಗೆ ಇಮೇಲ್ ಮಾಡಿ, ಅವರು ಹೇಳಿದ ಹಾಗೆ ಮಾಡಿ, ಆ ಉತ್ತರವನ್ನು ಜೋಪಾನವಾಗಿಡಿ. 'ಬೇರೆ ಹೆಸರಿನಲ್ಲಿ ದಾಖಲೆ ಇದೆಯೇ' ಎಂದು ಕೇಳುವ ಕಡೆ ಇನಿಷಿಯಲ್ ಇರುವ ಹೆಸರನ್ನು ಹಾಕಿ. ಸಾಧ್ಯವಾದರೆ, ವೀಸಾಕ್ಕೆ ಹೋಗುವ ಮೊದಲು ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಇಲ್ಲಿ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲ ಕಡೆ ನನ್ನನ್ನು ಆ ಮೂರು ಅಕ್ಷರದಿಂದಲೇ ಕರೆದರು. ಅಪ್ಪ ಅಮ್ಮ ಇಟ್ಟ ಹೆಸರು ಕೇಳಲು ಒಂದು ವರ್ಷ ಬೇಕಾಯಿತು.

ಫೀಸ್ ಕಟ್ಟುವ ಕಾರ್ಡನ್ನು ಈ ವಾರವೇ ಪರೀಕ್ಷಿಸಿ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಂದ್ ಆಗಿಯೇ ಬರುತ್ತದೆ, ನಾವೇ ಆನ್ ಮಾಡಿಕೊಳ್ಳಬೇಕು. ನನಗೆ ಗೊತ್ತಿರಲಿಲ್ಲ. ಮೊದಲ ಅರ್ಜಿಯ ಕೊನೆಯ ರಾತ್ರಿ ಅಪ್ಪನ ಕಾರ್ಡ್ ಮೂರು ಸಲ ತಿರಸ್ಕಾರವಾಯಿತು. ಬೆಳಿಗ್ಗೆ ಅಪ್ಪ ಕೊಬ್ಬರಿ ಮಂಡಿಗೆ ಹೋಗುವುದನ್ನು ಬಿಟ್ಟು ಬ್ಯಾಂಕಿನ ಬಾಗಿಲಲ್ಲಿ ನಿಂತರು. ಹತ್ತು ಗಂಟೆಗೆ ಬಾಗಿಲು ತೆಗೆದರು, 10.20ಕ್ಕೆ ಹಣ ಹೋಯಿತು. ಅಮೆರಿಕದ ಪೂರ್ವ ಭಾಗದ ಗಡುವು ಡಿಸೆಂಬರ್ ರಾತ್ರಿ 11.59 ಅಂದರೆ ನಮಗೆ ಮರುದಿನ ಬೆಳಿಗ್ಗೆ 10.29. ಕ್ಯಾಲಿಫೋರ್ನಿಯಾದ್ದಾದರೆ ಮಧ್ಯಾಹ್ನ 1.29. ನನಗೆ ಉಳಿದದ್ದು ಒಂಬತ್ತು ನಿಮಿಷ. ನೀವು ಡಿಸೆಂಬರ್ 10ಕ್ಕೇ ಕಳಿಸಿಬಿಡಿ, ದಯವಿಟ್ಟು.

ಇನ್ನೊಂದು. ಎಂಎಸ್‌ಗೆ ಹೆಚ್ಚಾಗಿ ನಾವೇ ಸಾಲ ಮಾಡಿ ಬರಬೇಕು. ಒಂದೆರಡು ಕಡೆ ನೇರ ಪಿಎಚ್‌ಡಿಗೂ ಹಾಕಿ ನೋಡಿ. ಬಿಇ ಮುಗಿಸಿಯೇ ನಾನು ಬಂದದ್ದು. ಫೀಸ್ ಇಲ್ಲ, ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಐದು ವರ್ಷ ಅಥವಾ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಷ್ಟು ವರ್ಷ ಒಂದೇ ಪ್ರಶ್ನೆಯ ಹಿಂದೆ ಇರಲು ಮನಸ್ಸಿದ್ದರೆ ಮಾತ್ರ.

ಹಾಸನದ ಮೇಷ್ಟ್ರು
ನವೆಂಬರ್ 25, ಮಧ್ಯಾಹ್ನ 2.15

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ 31 ವರ್ಷ ಪಾಠ ಮಾಡಿದವನು. ಪತ್ರದ ವಿಷಯ ಹೇಳುತ್ತೇನಮ್ಮ.

'ನೀನೇ ಬರ್ಕೊಂಡು ಬಾ' ಅನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದನ್ನು ಒಪ್ಪಬೇಡ. ಅದು ಸರಿಯಲ್ಲ, ನಿನಗೆ ಲಾಭವೂ ಇಲ್ಲ. ಎಸ್‌ಒಪಿ ಬರೆದ ಕೈಯೇ ಮೂರೂ ಪತ್ರ ಬರೆದರೆ ಭಾಷೆ ಒಂದೇ ಥರ ಇರುತ್ತದೆ. ಹಾಗಂತ ಮುಖ್ಯಸ್ಥರ ಹತ್ತಿರ ಜಗಳವೂ ಬೇಡ. 'ಸರ್, ನಿಮಗೆ ಸುಲಭ ಆಗಲಿ ಅಂತ ನನ್ನ ವಿವರ ಬರೆದು ತಂದಿದ್ದೇನೆ' ಎಂದು ಒಂದು ಹಾಳೆ ಕೊಡು. ಅವರ ಯಾವ ವಿಷಯ ಯಾವ ಸೆಮಿಸ್ಟರ್‌ನಲ್ಲಿ ಓದಿದೆ, ಎಷ್ಟು ಅಂಕ ಬಂತು, ಲ್ಯಾಬಿನಲ್ಲಿ ಏನು ಮಾಡಿದೆ, ಈಗ ಯಾವ ಕೆಲಸ, ಯಾವ ಯೂನಿವರ್ಸಿಟಿ, ಕೊನೆಯ ದಿನ ಯಾವುದು, ಅಷ್ಟೇ. ನಮಗೆ ವರ್ಷಕ್ಕೆ ನೂರಾರು ಮಕ್ಕಳು. ಪ್ರೀತಿ ಇದ್ದರೂ ನೆನಪು ಇರುವುದಿಲ್ಲ. ಇಂಥ ಹಾಳೆ ತಂದವರಿಗೆ ನಾನು ಯಾವಾಗಲೂ ಚೆನ್ನಾಗಿ ಬರೆದಿದ್ದೇನೆ. ತರದವರಿಗೆ 'ವಿಧೇಯ, ಶ್ರಮಜೀವಿ, ಸಮಯಪಾಲನೆ ಉಳ್ಳವನು' ಎಂದು ಬರೆದಿದ್ದೂ ಇದೆ. ಅಂಥ ಪತ್ರದಿಂದ ಆ ಮಕ್ಕಳಿಗೆ ಏನೂ ಉಪಯೋಗ ಆಗಲಿಲ್ಲ ಎಂದು ಈಗ ಬೇಸರವಾಗುತ್ತದೆ.

ನಿವೃತ್ತ ಗೈಡ್ ಅವರನ್ನು ಬಿಡಬೇಡ. ನಿನ್ನ ಕೆಲಸ ಹತ್ತಿರದಿಂದ ನೋಡಿದವರು ಅವರೇ. ಕಾಲೇಜಿನ ಇಮೇಲ್ ಇಲ್ಲದಿದ್ದರೆ ಸ್ವಂತ ಇಮೇಲ್ ಒಪ್ಪುತ್ತಾರೆಯೇ ಎಂದು ಯೂನಿವರ್ಸಿಟಿಗೆ ಮೊದಲೇ ಬರೆದು ಕೇಳು. ಪತ್ರದಲ್ಲಿ ಅವರು ಯಾವ ವರ್ಷದಿಂದ ಯಾವ ವರ್ಷದವರೆಗೆ ಕಾಲೇಜಿನಲ್ಲಿದ್ದರು, ಯಾವಾಗ ನಿವೃತ್ತರಾದರು ಎಂದು ಹೇಳಲಿ. ಸಾಧ್ಯವಾದರೆ ಒಂದು ಭಾನುವಾರ ಅವರ ಊರಿಗೇ ಹೋಗಿ ಬಾ. ಆನ್‌ಲೈನ್ ಲಿಂಕ್ ತೆರೆದು ಪತ್ರ ಹಾಕುವುದು ನಮ್ಮ ವಯಸ್ಸಿನವರಿಗೆ ಕಷ್ಟ. ಪಕ್ಕದಲ್ಲಿ ಮನೆಯ ಮಕ್ಕಳು ಯಾರಾದರೂ ಇದ್ದು ತೋರಿಸಿದರೆ ಹತ್ತು ನಿಮಿಷದ ಕೆಲಸ. ಲಿಂಕ್ ಬಂದ ಇಮೇಲ್ ಸ್ಪ್ಯಾಮ್‌ಗೆ ಹೋಗಿರುತ್ತದೆ, ಅಲ್ಲಿ ನೋಡಲು ಹೇಳು.

'ಪತ್ರವನ್ನು ನೋಡುವ ಹಕ್ಕು ಬಿಟ್ಟುಕೊಡುತ್ತೀರಾ' ಎಂದು ಅರ್ಜಿ ಕೇಳುತ್ತದೆ. ಹೌದು ಎನ್ನು. ಆಗಲೇ ಓದುವವರಿಗೆ ಪತ್ರದ ಮೇಲೆ ನಂಬಿಕೆ.

ದಾವಣಗೆರೆ ಹುಡುಗಿ
ನವೆಂಬರ್ 30, ರಾತ್ರಿ 10.30

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಗೈಡ್ ಸರ್ ಊರಿಗೆ ಹೋಗಿದ್ದೆ, ಹರಪನಹಳ್ಳಿ ಹತ್ತಿರ. ನನ್ನ ಪ್ರಾಜೆಕ್ಟ್ ರಿಪೋರ್ಟ್ ಇನ್ನೂ ಅವರ ಕಪಾಟಿನಲ್ಲಿತ್ತು! ಊಟ ಹಾಕಿಸಿ ಕಳಿಸಿದರು. ಸ್ವಂತ ಇಮೇಲ್ ಆಗುತ್ತದೆ ಎಂದು ನಾಲ್ಕು ಕಡೆಯಿಂದ ಉತ್ತರ ಬಂದಿದೆ. ಮ್ಯಾನೇಜರ್‌ಗೂ ಹೇಳಿದೆ. ಒಂದು ನಿಮಿಷ ಸುಮ್ನೆ ಇದ್ದರು. ಆಮೇಲೆ 'ಮೊದಲೇ ಹೇಳಬೇಕಿತ್ತು' ಅಂದು ಒಪ್ಪಿಕೊಂಡರು.

ಎಸ್‌ಒಪಿ ಹೀಗೆ ಶುರು ಮಾಡಿದ್ದೇನೆ, ಕನ್ನಡದಲ್ಲೇ ಹೇಳುತ್ತೇನೆ: 'ಅಕ್ಟೋಬರ್‌ನ ಒಂದು ರಾತ್ರಿ ಇಎನ್-24 ಉಕ್ಕಿನ 46 ಶಾಫ್ಟ್‌ಗಳನ್ನು ಎಣ್ಣೆಯಲ್ಲಿ ತಣಿಸಿ ಮುಗಿಸಿದ ಮೇಲೆ ಕರೆಂಟ್ ಹೋಯಿತು. ಟೆಂಪರಿಂಗ್ ಕುಲುಮೆ ಹೊತ್ತಿದ್ದು ಬೆಳಿಗ್ಗೆ. ಅಷ್ಟರಲ್ಲಿ ಒಂಬತ್ತು ಶಾಫ್ಟ್‌ಗಳು ಸೀಳಿದ್ದವು. ಒಂಬತ್ತರಲ್ಲೂ ಬಿರುಕು ಹೊರಟದ್ದು ಕೀವೇಯ (ಶಾಫ್ಟಿನಲ್ಲಿ ಕೀಲಿ ಕೂರಿಸಲು ಕೊರೆದ ಗಾಡಿಯ) ಚೂಪು ಮೂಲೆಯಿಂದ. ಮೂಲೆ ಗುಂಡಗೆ ಮಾಡಿದ್ದ ಶಾಫ್ಟ್‌ಗಳು ಅಷ್ಟೇ ಹೊತ್ತು ಕಾದಿದ್ದವು, ಒಂದೂ ಸೀಳಲಿಲ್ಲ.' ಆಮೇಲೆ ಕಾರ್ಖಾನೆಯ ಪರಿಚಯ ಬರೆದಿದ್ದೇನೆ. ಸರಿಯಾ?

ತಿಪಟೂರಿನವಳು
ಡಿಸೆಂಬರ್ 1, ಬೆಳಿಗ್ಗೆ 8.05

ಓದಿ ಮೈ ಜುಮ್ಮೆಂದಿತು. ಹೀಗೇ ಇರಲಿ. ಕಾರ್ಖಾನೆಯ ಪರಿಚಯ ಒಂದು ಸಾಲಿಗೆ ಇಳಿಸಿ. ಅದರ ಜಾಗದಲ್ಲಿ ಇದನ್ನು ಹೇಳಿ: ತಣಿಸಿದ ಉಕ್ಕು ಟೆಂಪರಿಂಗ್ ಆಗುವ ತನಕ ಗಾಜಿನ ಹಾಗೆ ಪೆಡಸು ಎನ್ನುವುದು ಪುಸ್ತಕದಲ್ಲಿದೆ, ಚೂಪು ಮೂಲೆಯಲ್ಲಿ ಒತ್ತಡ ಕೂಡುತ್ತದೆ ಎನ್ನುವುದೂ ಇದೆ. ಹಾಗಿದ್ದರೆ ಚೂಪು ಮೂಲೆಯ ಉಳಿದ ಶಾಫ್ಟ್‌ಗಳು ಯಾಕೆ ಸೀಳಲಿಲ್ಲ? ತಣಿಸಿದ ತಕ್ಷಣ ಸೀಳದೆ ಗಂಟೆಗಟ್ಟಲೆ ಆದ ಮೇಲೆ ಯಾಕೆ ಸೀಳಿದವು? ನಿಮ್ಮ ಆಪ್ಟಿಕಲ್ ಮೈಕ್ರೋಸ್ಕೋಪ್ ಎಲ್ಲಿಯವರೆಗೆ ತೋರಿಸಿತು, ಎಲ್ಲಿ ನಿಂತಿತು? ಅಲ್ಲಿಗೆ ಬಂದು ನಿಲ್ಲಿಸಿ, ಮುಂದಿನ ಪ್ಯಾರಾದಲ್ಲಿ ಏನು ಕಲಿಯಬೇಕು ಎಂದು ಬರೆಯಿರಿ.

ಮಾರ್ಕ್ಸ್ ಕಾರ್ಡ್ ಎಂಟೂ ಸೆಮಿಸ್ಟರ್‌ದು ವರಸೆಯಾಗಿ ಒಂದೇ ಪಿಡಿಎಫ್ ಮಾಡಿ. ಹಿಂದಿನ ಪುಟದಲ್ಲಿ ಗ್ರೇಡ್ ವಿವರ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಕಳಿಸುವ ಮೊದಲು ಪೂರ್ತಿ ಅರ್ಜಿ ಡೌನ್‌ಲೋಡ್ ಮಾಡಿ ಓದಿ. ಒಂದು ಯೂನಿವರ್ಸಿಟಿಯ ಎಸ್‌ಒಪಿಯಲ್ಲಿ ಇನ್ನೊಂದರ ಹೆಸರು ಉಳಿದಿರುವುದು ಬಹಳ ಜನಕ್ಕೆ ಆಗಿದೆ.

ದಾವಣಗೆರೆ ಹುಡುಗಿ
ಡಿಸೆಂಬರ್ 11, ಬೆಳಿಗ್ಗೆ 6.50

ಡಿಸೆಂಬರ್ 15ರ ನಾಲ್ಕೂ ಅರ್ಜಿ ನಿನ್ನೆ ರಾತ್ರಿ ಹೋದವು. ಅದರಲ್ಲಿ ಒಂದು ನೇರ ಪಿಎಚ್‌ಡಿಗೆ. ಕಾರ್ಡ್ ಮೊದಲ ಸಲಕ್ಕೇ ಕೆಲಸ ಮಾಡಿತು. ಮೂರು ಯೂನಿವರ್ಸಿಟಿಗೆ ಈ ಐಇಎಲ್‌ಟಿಎಸ್ ಸಾಕಂತೆ. ನಾಲ್ಕನೆಯದಕ್ಕೆ ಆಗಸ್ಟ್‌ವರೆಗೂ ನಡೆಯಬೇಕಂತೆ, ಜನವರಿ 10ಕ್ಕೆ ಮತ್ತೆ ಬರೆಯುತ್ತಿದ್ದೇನೆ. ಮುಖ್ಯಸ್ಥರ ಪತ್ರ ಒಂದು ಕಡೆ ಇನ್ನೂ ಬಂದಿಲ್ಲ ಎಂದು ತೋರಿಸುತ್ತಿದೆ. ಇವತ್ತು ಮೊದಲ ಶಿಫ್ಟ್ ಮುಗಿಸಿ ದಾವಣಗೆರೆ ರೈಲು ಹತ್ತುತ್ತೇನೆ, ನಾಳೆ ಬೆಳಿಗ್ಗೆ ಅವರ ಕೋಣೆಯ ಮುಂದೆ ಇರುತ್ತೇನೆ.