ಸೂಜಿಗೆ ನೀರು ಬರಲಿಲ್ಲ, ಲೋಳೆ ಬಂತು. ಅಂಡಾಶಯದ ಕ್ಯಾನ್ಸರೇನಾ?

ಸೋಮವಾರಪೇಟೆ ಸೊಸೆ:
ಅತ್ತೆಗೆ 58. ಡಿಸೆಂಬರಿನಲ್ಲಿ ಕಾಫಿ ಕೊಯ್ಯುವಾಗಲೇ ಲಂಗದ ಲಾಡಿ ಬಿಗಿಯುತ್ತೆ ಅನ್ನುತ್ತಿದ್ದರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ. ಗ್ಯಾಸ್ ಇರಬೇಕು ಅಂತ ಎರಡು ತಿಂಗಳು ಸುಮ್ನೆ ಜೀರಿಗೆ ಕಷಾಯ ಕುಡಿಸಿದೆವು. ಸಿಟಿ ಸ್ಕ್ಯಾನಿನಲ್ಲಿ ಬಲ ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆ ತುಂಬ ನೀರು ಅಂತ ಬಂದಿದೆ. ಕ್ಯಾನ್ಸರ್ ಸುಳಿವು ನೋಡುವ ರಕ್ತ ಪರೀಕ್ಷೆಗಳಲ್ಲಿ ಸಿಎ-125 ಅನ್ನೋದು 96, ಸಿಇಎ ಅನ್ನೋದು 41. ನೀರು ತೆಗೆಯಲು ಸೂಜಿ ಹಾಕಿದರೆ ಎರಡು ಹನಿ ಲೋಳೆ ಬಂತು, ಅಷ್ಟೇ. ಅಂಡಾಶಯದ ಕ್ಯಾನ್ಸರ್, ಮುಂದಿನ ವಾರವೇ ಗರ್ಭಕೋಶ ತೆಗೆಯೋಣ ಅನ್ನುತ್ತಿದ್ದಾರೆ ಡಾಕ್ಟರು. ಒಪ್ಪಿಕೊಳ್ಳಲಾ?

ವಿರಾಜಪೇಟೆ ತಂಗಿ:
ಲೋಳೆ ಅಂದ ಕೂಡಲೇ ಎದೆ ಧಸಕ್ ಅಂತು. ನನ್ನಕ್ಕನಿಗೂ ಅಂಡಾಶಯ ಅಂದುಕೊಂಡೇ ಹೊಟ್ಟೆ ಕೊಯ್ದರು. ಒಳಗೆಲ್ಲ ಎಳನೀರಿನ ಗಂಜಿಯ ಹಾಗೆ ಜೆಲ್ಲಿ. ಸಿಕ್ಕಷ್ಟು ಬಾಚಿ ತೆಗೆದು ಹೊಲಿದರು.

ಶುರುವಾಗಿದ್ದು ಅಪೆಂಡಿಕ್ಸ್‌ನಲ್ಲಿ. ಅಲ್ಲಿನ ಗಡ್ಡೆ ಒಡೆದು, ಲೋಳೆ ಸುರಿಸುವ ಕಣಗಳು ಹೊಟ್ಟೆಯೊಳಗೆ ಹರಡಿ ಅಂಡಾಶಯದ ಮೇಲೂ ಕೂತಿದ್ದವು. ಇದಕ್ಕೆ ಸೂಡೋಮಿಕ್ಸೋಮಾ ಪೆರಿಟೊನೈ ಅಂತಾರೆ. ತುಂಬಾ ಅಪರೂಪ. ಆಗ ತೆಗೆದ ಗಡ್ಡೆಯ ಸ್ಲೈಡುಗಳನ್ನು ಬೆಂಗಳೂರಿನಲ್ಲಿ ಮತ್ತೆ ನೋಡಿಸಿದಾಗ ಗೊತ್ತಾಯಿತು: ಕಣಗಳ ಮೂಲ ತಿಳಿಸುವ ಗುರುತುಗಳಲ್ಲಿ ಸಿಕೆ20, ಸಿಡಿಎಕ್ಸ್2 ಪಾಸಿಟಿವ್, ಪ್ಯಾಕ್ಸ್8 ನೆಗೆಟಿವ್. ಅಂದರೆ ಮೂಲ ಅಂಡಾಶಯ ಅಲ್ಲ, ಕರುಳಿನ ಕಡೆ. ಆಮೇಲೆ ಮತ್ತೆ ಆಪರೇಷನ್, 11 ಗಂಟೆ. ಕಾಣುವ ಗಡ್ಡೆಯನ್ನೆಲ್ಲ ಕೆರೆದು, 42 ಡಿಗ್ರಿಗೆ ಕಾಯಿಸಿದ ಕೀಮೋ ಔಷಧಿಯನ್ನು ಹೊಟ್ಟೆಯೊಳಗೇ ಓಡಿಸಿದರು. ಹೈಪೆಕ್ ಅಂತಾರೆ. ಮೊದಲ ಆಪರೇಷನ್ನಿನಿಂದ ಕರುಳು ಅಂಟಿಕೊಂಡು ಸರ್ಜನ್‌ಗೆ ಕಷ್ಟವಾಯಿತಂತೆ. ಈ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದ್ದು. ಒಂದು ವಾರ ತಡೆದು, ಹೈಪೆಕ್ ಮಾಡುವ ಕಡೆ ತೋರಿಸಿ ಅಕ್ಕ.

ಲ್ಯಾಬ್ ಅಣ್ಣ, ಕುಶಾಲನಗರ:
ಸಿಎ-125 ಮಟ್ಟ 35 ದಾಟಿದರೆ ಅಂಡಾಶಯದ ಕ್ಯಾನ್ಸರೇ ಅಂತೇನಿಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋದು), ಲಿವರ್ ಕಾಯಿಲೆ, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಒಬ್ಬರಿಗೆ 500 ದಾಟಿತ್ತು. ಕಡೆಗೆ ನೋಡಿದರೆ ಟಿಬಿ, 6 ತಿಂಗಳ ಮಾತ್ರೆಯಲ್ಲೇ ಹೊಟ್ಟೆ ಇಳಿಯಿತು! ಸಿಎ-125 ಅನ್ನು ಸಿಇಎಯಿಂದ ಭಾಗಿಸಿ. 25ಕ್ಕಿಂತ ಕಡಿಮೆ ಬಂದರೆ ಕರುಳು, ಅಪೆಂಡಿಕ್ಸ್, ಜಠರ ಎಲ್ಲ ನೋಡಬೇಕು. ನಿಮ್ಮದು ಬರೀ 2.3. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಆಗಿದೆಯಾ?

ಸೋಮವಾರಪೇಟೆ ಸೊಸೆ:
ಎರಡೂ ಆಗಿಲ್ಲ ಅಣ್ಣ. ಈಗ ಸಿಟಿ ರಿಪೋರ್ಟ್ ಮತ್ತೆ ಓದಿದೆ. ಎರಡನೇ ಪುಟದ ಕೊನೆಗೆ ‘ಅಪೆಂಡಿಕ್ಸ್ ಊದಿದೆ’ ಅಂತ ಒಂದೇ ಸಾಲು. ಯಾರೂ ಅದರ ಮಾತೇ ಎತ್ತಿರಲಿಲ್ಲ. ಗರ್ಭಕೋಶದ ಡೇಟು ಮುಂದೂಡಿಸಿ ಬೆಂಗಳೂರಿಗೆ ಬಸ್ಸು ಬುಕ್ ಮಾಡಿದ್ದೇವೆ. ಅತ್ತೆಗೆ ಅದರದ್ದೇನೂ ಯೋಚನೆಯಿಲ್ಲ. ಕಣದಲ್ಲಿ ಕಾಫಿ ಹರಡಿದೆ, ಹೂಮಳೆ ಬಂದರೆ ಟಾರ್ಪಾಲು ಯಾರು ಮುಚ್ತಾರೆ ಅಂತ ಬೆಳಗಿನಿಂದ ನಾಲ್ಕು ಸಲ ಕೇಳಿದರು.